ಕೆಂಪು ಚುಕ್ಕಿ, ತೂತು ಚರಗಿ

ಅಂಬಪ್ಪನ ಕಣ್ಣು ಮಂಜಾಗಿದೆ ಎನ್ನುವುದು ಅವನ ಹೆಂಡತಿ ಅಯ್ಯಮ್ಮನಿಗೆ ಗೊತ್ತಾದದ್ದು ಒಂದು ನೊಣದಿಂದ. ಪುಂಡಿಪಲ್ಯದ ಮೇಲೆ ಕೂತಿದ್ದ ನೊಣವನ್ನು ಅವನು ಓಡಿಸಲಿಲ್ಲ, ರೊಟ್ಟಿಯ ಜೊತೆಗೇ ಮುರಿದುಕೊಂಡು ಬಾಯಿಗೆ ಒಯ್ದ. ಅವಳು ಕೈ ಹಿಡಿದಳು, ಅವನು ಬೈದ. ಬಂದೂಕಿನ ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲಿಕ್ಕೆ ಹಿತ್ತಾಳೆಯ ಒಂದು ಗುಂಡು ಕಾಳಿರುತ್ತದಲ್ಲ, ಅದನ್ನು ಆ ಕಡೆ ಮಕ್ಕಿ ಅನ್ನುತ್ತಾರೆ. ಉರ್ದುವಿನಲ್ಲಿ ಮಕ್ಕಿ ಅಂದರೆ ನೊಣವೇ. ಪಲ್ಯದ ಮೇಲಿನ ನೊಣ ಕಾಣದವನಿಗೆ ಬಂದೂಕಿನ ಮೇಲಿನ ನೊಣ ಕಾಣುವುದುಂಟೆ?

ಕಾಣುತ್ತಿರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಅಂಬಪ್ಪನ ಮೀಸೆ ಮಣ್ಣಾಗುತ್ತಿತ್ತು. ದಢೇಸುಗೂರಿನ ಕಾಲುವೆ ಕೆಳಗಿನ ನೆಲ್ಲಿನ ಗದ್ದೆಗಳಿಗೆ ಅವನು ಕಾವಲುಗಾರ. ಲೈಸೆನ್ಸು ಅಪ್ಪನಿಂದ ಬಂದದ್ದು, ನಳಿಗೆಗೆ ಮದ್ದು ಜಡಿಯುವ ಬಂದೂಕೂ ಅಪ್ಪನದೇ. ಮೊದಲೆಲ್ಲ ಗಾಳಿಗೆ ಒಂದು ಈಡು ಹಾರಿಸಿದರೆ ಕಾಡುಹಂದಿಗಳು ಬಾಲ ಎತ್ತಿಕೊಂಡು ಓಡುತ್ತಿದ್ದವು. ಎಂಬತ್ತೆಂಟರ ಆ ಹಂಗಾಮಿನಲ್ಲಿ ಮಾತ್ರ ಅವು ಸದ್ದಿಗೆ ಕಿವಿಯನ್ನೂ ಅಲುಗಿಸಲಿಲ್ಲ, ಹಾಲು ತುಂಬಿದ ತೆನೆಯನ್ನು ಉರುಳಾಡಿ ಮೇಯುತ್ತಿದ್ದವು. ಗದ್ದೆಯ ಧಣಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಹಂದಿ ಬೀಳಬೇಕು, ಇಲ್ಲವಾದರೆ ಕಾವಲಿಗೆ ಬೇರೆಯವರು ಬರುತ್ತಾರೆ, ನೀವಿರುವ ಗುಡಿಸಲೂ ಅವರದೇ.

ಅಯ್ಯಮ್ಮನ ತವರು ಗುರುಗುಂಟಾ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಪುಕ್ಕಟೆ ಕಣ್ಣಿನ ಪೊರೆ ತೆಗೆಯುತ್ತಾರೆ, ಪಕ್ಕದ ಮನೆಯ ಮುದುಕ ಈಗ ಸೂಜಿಗೆ ದಾರ ಪೋಣಿಸುತ್ತಾನೆ ಎಂದು ಅಲ್ಲಿಂದ ಸುದ್ದಿ ಬಂದಿತ್ತು. ಅಂಬಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಊರೂರು ತಿರುಗುವ ಒಬ್ಬ ನಾಟಿ ವೈದ್ಯ ಅವನ ಅಪ್ಪನ ಕಣ್ಣಿಗೆ ಕತ್ತಿ ಹಾಕಿದ್ದ. ಅಪ್ಪ ಆಮೇಲೆ ಬದುಕಿದಷ್ಟು ದಿನ ಗೋಡೆ ಹಿಡಿದುಕೊಂಡೇ ನಡೆದ. ಹಂದಿಗೆ ಹೆದರದ ಗಂಡ ಆ ಕತ್ತಿಯ ಮಾತು ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಹೀಗಿರುವಾಗ ಸಿಂಧನೂರಿನ ಚಹಾದಂಗಡಿಯಲ್ಲಿ ಒಬ್ಬ ಲಾರಿ ಡ್ರೈವರ್ ಅವನ ತಲೆಗೆ ಹುಳ ಬಿಟ್ಟ. ಹೊರದೇಶದ ಬಂದೂಕುಗಳ ಮೇಲೆ ಒಂದು ಗಾಜು ಕೂರಿಸಿರುತ್ತಾರಂತೆ, ಅದರೊಳಗೆ ಕೆಂಪು ಚುಕ್ಕಿ ಹೊಳೆಯುತ್ತದಂತೆ, ಚುಕ್ಕಿಯನ್ನು ಬೇಟೆಯ ಮೇಲಿಟ್ಟು ಬಂದೂಕಿನ ಕುದುರೆ ಎಳೆದರೆ ಮುಗಿಯಿತಂತೆ. ಅದರ ಬೆಲೆಗೆ ಒಂದು ಜೋಡಿ ಎತ್ತು ಬರುತ್ತವೆ. ಗಾಜು ಇರಲಿ ಬಿಡು, ಚುಕ್ಕಿಯನ್ನು ನಾವೇ ಇಟ್ಟುಕೊಳ್ಳೋಣ ಎಂದು ಅಂಬಪ್ಪ ಹೆಂಡತಿಯನ್ನು ಕರೆದುಕೊಂಡು ಸಿಂಧನೂರಿನ ಬಸ್ಸು ಹತ್ತಿದ. ಬಂದೂಕು ಒಯ್ದರೆ ಪೊಲೀಸರು ಕೇಳುತ್ತಾರೆ. ಒಂದು ಬಡಿಗೆಯ ತುದಿಗೆ ಮೊಳೆ ಹೊಡೆದು ಅದನ್ನೇ ಬಂದೂಕು ಮಾಡಿಕೊಂಡಿದ್ದ.

ಮಸ್ಕಿಯಿಂದ ಬಂದು ಸಂತೆಯಲ್ಲಿ ಬಳೆ ಮಾರುವ ಮಾಬುಬೀ ಉಗುರಿನ ಬಣ್ಣ ತೋರಿಸಿದಳು. ಮೊಳೆಗೆ ಹಚ್ಚಿದರೆ ಬಿಸಿಲಲ್ಲಿ ಚೆನ್ನ, ನೆರಳಿಗೆ ಬಂದರೆ ಕಪ್ಪು. ಕೆಂಪು ಗಾಜಿನ ಮಣಿಯೂ ಅಷ್ಟೇ. ಕೊನೆಗೆ ಲಾರಿಗಳಿಗೆ ನಂಬರು ಬರೆಯುವ ಮಕ್ತುಮ್‌ಸಾಬ್ ಬಂಪರಿಗೆ ಅಂಟಿಸುವ ಕೆಂಪು ರೇಡಿಯಂ ಹಾಳೆಯ ಚೂರೊಂದನ್ನು ಕತ್ತರಿಸಿ ಮೊಳೆಯ ತಲೆಗೆ ಅಂಟಿಸಿದ. ಹೊತ್ತು ಇಳಿಯುವವರೆಗೂ ಅಂಗಡಿಯ ಮುಂದೆ ಕೂತು ನೋಡಿದರು. ಬೀದಿ ಮಸುಕಾದರೂ ಕೆಂಪು ಮಸುಕಾಗಲಿಲ್ಲ. ಇದನ್ನೇ ತಗೋ ಎಂದು ಹೇಳಿದವಳು ಅಯ್ಯಮ್ಮನೇ. ಎಷ್ಟೋ ದಿನದ ಮೇಲೆ ಗಂಡನ ಮುಖ ಅರಳಿತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು.

ಅಂಬಪ್ಪ ಬಡಿಗೆಯನ್ನು ಹೆಗಲಿಗೇರಿಸಿ ಬೀದಿಯ ಕಡೆ ಹಿಡಿದ. ಚುಕ್ಕಿ ಒಂದು ಎಮ್ಮೆಯ ಮೇಲೆ ಹೋಯಿತು, ಅಲ್ಲಿಂದ ಕೂಸು ಎತ್ತಿಕೊಂಡ ಒಬ್ಬ ಹೆಂಗಸಿನ ಮೇಲೆ. ಎಮ್ಮೆಯ ಹಿಂದೆ ಹೆಂಗಸಿದ್ದಾಳೆ ಎಂದು ಅವನು ಅನ್ನಲಿಲ್ಲ. ಎರಡು ಎಮ್ಮೆ ಎಂದ. ಅಯ್ಯಮ್ಮ ಆ ಹೆಂಗಸಿನ ಕಡೆ ತಿರುಗಿ ನೋಡಿದಳು, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ಗಂಡಸರು ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ಮಾತು ಅದು. ಕಾಲುವೆಗೆ ನೀರು ಬಿಟ್ಟರೆ ಊರ ಸುತ್ತ ಎಲ್ಲ ಕೆಸರು. ಹೆಂಗಸರು ನೀರಿನ ಚರಗಿ ಹಿಡಿದು ಬಯಲಿಗೆ ಹೋಗಲಿಕ್ಕೆ ಉಳಿಯುವುದು ಗದ್ದೆಯಾಚೆಯ ಜಾಲಿಗಿಡಗಳ ಬದು ಒಂದೇ. ಹೋಗುವುದು ಮುಚ್ಚಂಜೆಯಲ್ಲಿ, ದೀಪವಿಲ್ಲದೆ, ಸದ್ದಿಲ್ಲದೆ. ಗಂಡಸು ಬರುವ ಸುಳಿವು ಸಿಕ್ಕರೆ ಕೂತವರು ಎದ್ದು ನಿಲ್ಲುತ್ತಾರೆ, ಗಂಡಸು ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ಯಾರೂ ಮೀರಿದವರಿಲ್ಲ. ಹೊಟ್ಟೆಯ ಮೇಲೆ ತೆವಳಿಕೊಂಡು ಬರುವ ಕಾವಲುಗಾರನ ಸುಳಿವು ಮಾತ್ರ ಯಾರಿಗೆ ಸಿಗಬೇಕು?

ಬಂದೂಕಿನ ಮಕ್ಕಿಗೆ ಕೆಂಪು ಚುಕ್ಕಿ ಅಂಟಿಸಿದ ವಾರದೊಳಗೆ ಒಂದು ಮುಚ್ಚಂಜೆ ಈಡು ಕೇಳಿಸಿತು. ಅಂಬಪ್ಪ ಬಂದು, ಹಂದಿಗೆ ತಾಗಿದೆ, ಓಡಿಹೋಯಿತು ಎಂದು ಕುಣಿದ. ಮರುದಿನ ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ ನೆರೆಯ ಕರೆಮ್ಮ ಬಂದಳು. ಸೆರಗಿನಡಿಯಿಂದ ತನ್ನ ಜರ್ಮನ್ ಚರಗಿಯನ್ನು, ಅಂದರೆ ಅಲ್ಯೂಮಿನಿಯಂ ತಂಬಿಗೆಯನ್ನು, ತೆಗೆದು ಒಲೆಯ ಮುಂದೆ ಇಟ್ಟಳು. ಅದರ ಹೊಟ್ಟೆಯಲ್ಲಿ ಜೋಳದ ಕಾಳಿನಷ್ಟು ತೂತು ಬಿದ್ದಿತ್ತು.

"ನನ್ ಸೊಸಿ ಬಾಜೂಕ ಕುಂತಿದ್ಳು. ಏಳು ತಿಂಗಳ ಬಸುರಿ," ಎಂದಳು ಕರೆಮ್ಮ. "ಯಾರ ಮುಂದ ಹೇಳ್ಬೇಕವ್ವ ಇದನ್ನ? ಎಲ್ಲಿ ಕುಂತಿದ್ರಿ ಅಂತ ಕೇಳ್ತಾರ."

ತೂತಿನೊಳಗಿಂದ ಬೆಳಕಿನ ಒಂದು ಚುಕ್ಕಿ ಒಲೆಯ ಬೂದಿಯ ಮೇಲೆ ಬಿದ್ದಿತ್ತು. ಅದನ್ನು ನೋಡಲಾರದೆ ಅಯ್ಯಮ್ಮ ಚರಗಿಯನ್ನು ಪಕ್ಕಕ್ಕೆ ಸರಿಸಿದಳು. ಕೆಂಪು ಚುಕ್ಕಿಯನ್ನು ಆರಿಸಿ ಕೊಟ್ಟವಳು ತಾನು. ಮಕ್ಕಿ ಕಾಣದಿದ್ದಾಗ ಈಡು ಆಕಾಶಕ್ಕೆ ಹೋಗುತ್ತಿತ್ತು, ಯಾರಿಗೂ ಕೇಡಿರಲಿಲ್ಲ. ಈಗ ಗಂಡನಿಗೆ ಚುಕ್ಕಿ ಕಾಣುತ್ತದೆ, ಚುಕ್ಕಿಯ ಆಚೆಗಿನದು ಕಾಣುವುದಿಲ್ಲ. ಈ ಸಲ ಚರಗಿಗೆ ಬಿತ್ತು, ಮುಂದಿನ ಸಲ?

ಆ ದಿನ ಊಟದ ಹೊತ್ತಿಗೆ ಅವಳು ಹೇಳಿ ನೋಡಿದಳು. ಆ ಬದುವಿನಲ್ಲಿ ಹೆಂಗಸರು ಕೂರುತ್ತಾರೆ, ನೀನು ಹೊಡೆದದ್ದು ಹಂದಿಯಲ್ಲ ಎಂದಳು, ಚರಗಿಯನ್ನೂ ತೋರಿಸಿದಳು. ಅವನು ಮುಟ್ಟಲೂ ಇಲ್ಲ. ಚರಗಿ ಹಳೆಯದು, ತುಕ್ಕು ತಿಂದಿದೆ ಎಂದ. ಜರ್ಮನ್ ಪಾತ್ರೆಗೆ ತುಕ್ಕು ಹಿಡಿಸಿದ ಮೊದಲ ಗಂಡಸು ಅವನೇ ಇರಬೇಕು.

"ಹೆಂಗಸು ಯಾವುದು ಹಂದಿ ಯಾವುದು ಅಂತ ನಂಗ ಗೊತ್ತಾಗಾಂಗಿಲ್ಲೇನು?" ಎಂದು ಕೇಳಿದ. "ಕಣ್ಣು ಹೋಗ್ಯಾವ ಅಂತ ಊರಾಗ ಡಂಗುರ ಹೊಡೀಬೇಕಂತ ಮಾಡೀಯೇನ್ ನೀ?"

ಅವನ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. ಅದು ಅವಳಿಗೆ ಗೊತ್ತಾಯಿತು, ಕನಿಕರವೂ ಆಯಿತು. ಆದರೆ ಇವನ ಭಯಕ್ಕೆ ಕರೆಮ್ಮನ ಸೊಸೆ ಸಾಯಬೇಕೆ?

ಬೆಳಗ್ಗೆ ಅವನು ಕಾಲುವೆಗೆ ಹೋದಾಗ ಅಯ್ಯಮ್ಮ ಬಂದೂಕಿನ ಟೋಪಿಗಳ ಡಬ್ಬಿ ತೆಗೆದಳು. ತಾಮ್ರದ ಪುಟ್ಟ ಟೋಪಿ. ಬಂದೂಕಿನ ಸುತ್ತಿಗೆಯಂಥ ಕುದುರೆ ಅದರ ಮೇಲೆ ಬಡಿದರೆ ಕಿಡಿ ಹುಟ್ಟಿ ಒಳಗಿನ ಮದ್ದು ಹೊತ್ತುತ್ತದೆ. ಒಂದೊಂದರೊಳಗೂ ಕಡ್ಡಿಯಿಂದ ಔಡಲೆಣ್ಣೆಯ ಹನಿ ಬಿಟ್ಟು, ಹೊರಗೆ ಒರೆಸಿ, ಇದ್ದ ಹಾಗೇ ಜೋಡಿಸಿಟ್ಟಳು. ಅದರಿಂದ ಕಥೆ ಮುಗಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಟೋಪಿ ಹೊತ್ತದಿದ್ದರೆ ಹೊಸ ಡಬ್ಬಿ ತರುತ್ತಾನೆ. ಅವನ ಕಣ್ಣಿನ ಸುಳ್ಳು ಅವನಿಗೇ ಗೊತ್ತಾಗಬೇಕು, ಅದೂ ಇವತ್ತೇ. ಕರೆಮ್ಮನಿಗೆ ಹೇಳಿ ಅಂದಿನ ಸಂಜೆ ಯಾವ ಹೆಂಗಸೂ ಬದುವಿಗೆ ಬಾರದಂತೆ ಮಾಡಿದಳು.

ಹೊತ್ತು ಮುಳುಗಿತು. ಅಯ್ಯಮ್ಮ ಕಪ್ಪು ಸೀರೆ ಉಟ್ಟು, ತೂತು ಚರಗಿ ಹಿಡಿದು, ಜಾಲಿಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕಪ್ಪೆಗಳು ವಟಗುಟ್ಟುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವು ಒಂದು ಕಡೆಯಿಂದ ಸುಮ್ಮನಾಗುತ್ತ ಬಂದವು. ಗದ್ದೆಯ ಅಂಚಿನಲ್ಲಿ ಅವನು ಬರುತ್ತಿದ್ದಾನೆ. ಇನ್ನೂ ಬೆಳಕಿತ್ತು, ಅವಳಿಗೆ ಅವನ ರುಮಾಲು ಕಂಡಿತು, ಕೆಸರು ಹತ್ತಿದ ಮೊಣಕೈ ಕಂಡಿತು. ಅಷ್ಟು ಹತ್ತಿರ. ಅವನು ಅವಳ ಕಡೆಗೇ ನೋಡುತ್ತಿದ್ದ. ನೋಡಿ ಬಂದೂಕು ಎತ್ತಿದ. ಕುದುರೆ ಹಿಂದಕ್ಕೆಳೆದ ಸದ್ದು ಕೇಳಿಸಿತು.

ಟೋಪಿಗೆ ಎಣ್ಣೆ ಬಿಟ್ಟಿದ್ದೇನೆ, ಹೊತ್ತುವುದಿಲ್ಲ ಎಂದು ಅವಳು ಮನಸ್ಸಿಗೆ ಹೇಳಿದಳು. ಮನಸ್ಸು ಕೇಳಿತು, ಮೈ ಕೇಳಲಿಲ್ಲ. ಈಗಲಾದರೂ ಗುರುತು ಹಿಡಿಯಲಿ, ಬಂದೂಕು ಇಳಿಸಲಿ, ನಾನೇ ಸುಳ್ಳಾಗಲಿ ಎಂದು ಮನೆದೇವರಿಗೆ ಹರಕೆ ಹೊತ್ತಳು.

ಟಕ್ ಎಂದಿತು.

ಕಿಡಿ ಇಲ್ಲ, ಹೊಗೆ ಇಲ್ಲ. ಕೈ ಹಿಡಿದ ಗಂಡ ಅವಳ ಎದೆಗೆ ಗುರಿಯಿಟ್ಟು ಕುದುರೆ ಎಳೆದಿದ್ದ, ಅವಳು ಬದುಕಿದ್ದಳು. ಕಣ್ಣಲ್ಲಿ ನೀರು ತಾನಾಗಿಯೇ ಇಳಿಯಿತು. ಅಷ್ಟರಲ್ಲಿ ಅಂಬಪ್ಪ ಏನೋ ಗೊಣಗಿ, ಹೊತ್ತದ ಟೋಪಿಯನ್ನು ಕಿತ್ತೆಸೆದು, ಕೈಯನ್ನು ಸೊಂಟಕ್ಕೆ ಒಯ್ದ. ಡಬ್ಬಿಗಲ್ಲ, ಎಲೆಅಡಿಕೆಯ ಸಂಚಿಗೆ. ಸುಣ್ಣದ ಡಬ್ಬಿ ಕಿಣಿಕಿಣಿ ಅಂದದ್ದು ಅವಳಿಗೆ ಕೇಳಿಸಿತು. ಅವನು ಸಂಚಿಯ ಮೂಲೆಯಲ್ಲಿ ಯಾವಾಗಲೂ ಒಂದು ಟೋಪಿ ಇಟ್ಟುಕೊಂಡಿರುತ್ತಾನೆ. ಇಷ್ಟು ವರ್ಷ ಆ ಸಂಚಿಯನ್ನು ಒಗೆದವಳು ಅವಳೇ, ಆದರೂ ಬೆಳಗ್ಗೆ ನೆನಪಾಗಿರಲಿಲ್ಲ. ಆ ಟೋಪಿಗೆ ಎಣ್ಣೆ ತಾಗಿಲ್ಲ, ಒಣಗಿದ್ದು.

ಏಳಬೇಕು. ಕಾಲು ಮರಗಟ್ಟಿದ್ದವು. ಕೂಗೋಣವೆಂದರೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವನು ಹೊಸ ಟೋಪಿ ಒತ್ತಿ ಕೂರಿಸಿ ಬಂದೂಕನ್ನು ಮತ್ತೆ ಹೆಗಲಿಗೆ ತಂದ. ಅಯ್ಯಮ್ಮ ಜಾಲಿಯ ಮುಳ್ಳುಕೊಂಬೆಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದಳು, ಆ ನೋವಿನ ಆಸರೆಯಲ್ಲೇ ಮೇಲೆದ್ದಳು. ಗಂಡಸು ಬಂದಾಗ ಹೆಂಗಸರು ಎದ್ದು ನಿಲ್ಲುವ ಹಾಗೆ, ಚರಗಿ ಹಿಡಿದು ಎದ್ದು ನಿಂತಳು.

ಬಂದೂಕು ಕೆಳಗಿಳಿಯಿತು. ಹಂದಿ ಎದ್ದು ನಿಲ್ಲುವುದಿಲ್ಲ, ಅಷ್ಟು ಅವನಿಗೂ ಗೊತ್ತಿತ್ತು. ಮರ್ಯಾದಸ್ಥ ಗಂಡಸಿನಂತೆ ಅವನು ತಟ್ಟನೆ ಮುಖ ತಿರುಗಿಸಿದ.

"ತಪ್ಪಾತಬೇ ಯವ್ವಾ," ಎಂದ. "ಕಾಣಲಿಲ್ಲ ನಂಗ. ಯಾರ ಮನಿ ಹೆಣ್ಮಗಳವ್ವ ನೀ?"

ಅಯ್ಯಮ್ಮನಿಗೆ ಗುಂಡು ತಾಗಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ. ಮುಳ್ಳು ಚುಚ್ಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಿನ್ನ ಮನಿಯಾಕಿ," ಎಂದಳು.

ಅವನು ತಿರುಗಲಿಲ್ಲ. ನಿಂತಲ್ಲೇ ಕುಸಿದು ಕೆಸರಿನಲ್ಲಿ ಕೂತ. ಅವಳು ಹತ್ತಿರ ಹೋಗಿ ಬಂದೂಕನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಅವನು ಕೂತಲ್ಲಿಂದಲೇ ಹೇಳಿಕೊಟ್ಟ ಹಾಗೆ ಕುದುರೆಯನ್ನು ಮೆಲ್ಲಗೆ ಇಳಿಸಿ ಟೋಪಿಯನ್ನು ಕಿತ್ತು ಕಾಲುವೆಗೆ ಎಸೆದಳು. ಚರಗಿಯನ್ನು ಅವನ ಮಡಿಲಿಗೆ ಇಟ್ಟಳು. ಈ ಸಲ ಅವನು ಅದನ್ನು ಮುಟ್ಟಿದ. ಬೆರಳು ಸವರುತ್ತ ಹೋಗಿ ತೂತಿನ ಹತ್ತಿರ ನಿಂತಿತು, ಬಹಳ ಹೊತ್ತು ಅಲ್ಲೇ ಇತ್ತು.

ಮನೆಯ ಕಡೆ ಹೊರಟಾಗ ಬಂದೂಕು ಅವಳ ಹೆಗಲ ಮೇಲಿತ್ತು. ನಳಿಗೆಯ ತುದಿಯ ರೇಡಿಯಂ ಇನ್ನೂ ಕೆಂಪಗೆ ಕಾಣುತ್ತಿತ್ತು. ಅವಳು ಅದನ್ನು ಉಗುರಿನಿಂದ ಕೆರೆದು ಕಿತ್ತಳು. ಬದು ಕಿರಿದಾಗಿದ್ದ ಕಡೆ ಅಂಬಪ್ಪ ಅವಳ ಸೆರಗಿನ ತುದಿ ಹಿಡಿದುಕೊಂಡ. ಅವನ ಅಪ್ಪ ಗೋಡೆ ಹಿಡಿಯುತ್ತಿದ್ದದ್ದೂ ಹೀಗೆಯೇ.

"ಲಿಂಗಸುಗೂರಾಗ ಕತ್ತಿ ಹಾಕುವಾಗ," ಎಂದು ಅವನು ಕೇಳಿದ, "ನೀ ಬಾಜೂಕ ಇರ್ತೀಯಿಲ್ಲ?"

ಇರುತ್ತೇನೆ ಎಂದಳು.