ಮುಂಗೈಯ ಗೆರೆ

ಪೂಂಗೊಡಿ ಇಡ್ಲಿ ಹಿಟ್ಟು ರುಬ್ಬುತ್ತಿದ್ದಾಗ ಮಗಳ ಕಾರ್ಖಾನೆಯಿಂದ ಕರೆ ಬಂತು. ಕೊಯಮತ್ತೂರಿನ ಆ ಕಾರ್ಖಾನೆಯಲ್ಲಿ ಮಲರ್‌ವಿಳಿ ಪಂಪಿನ ತಗಡು ಒತ್ತುವ ಯಂತ್ರದ ಮುಂದೆ ಕೂರುವವಳು. ಆ ಯಂತ್ರ ಅವಳ ಬಲಗೈಯ ಉಂಗುರಬೆರಳನ್ನು ಜಜ್ಜಿಬಿಟ್ಟಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ತಾಯಿ ಆಸ್ಪತ್ರೆಗೆ ಓಡಿದಳು.

ಪೂಂಗೊಡಿಯ ಅಣ್ಣ ಚೆಲ್ಲಮುತ್ತು ಆಗಲೇ ಬಂದಿದ್ದ. ಮಲರ್ ಹುಟ್ಟಿದಾಗಲೇ ಅವಳನ್ನು ಅವನ ಮಗನಿಗೆ ಕೊಡುವುದೆಂದು ಮಾತಾಗಿತ್ತು.

ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಬೆರಳಿನ ರಕ್ತನಾಳ ಕೂಡಿಸಲಾರದಷ್ಟು ನುಜ್ಜಾಗಿದೆ. ಅದೇ ಕೈಯ ಮುಂಗೈಯಿಂದ ಒಂದು ತುಂಡು ನಾಳ ತೆಗೆದು ನಡುವೆ ಹೊಲಿದರೆ ಬೆರಳು ಉಳಿಯಬಹುದು. ತಡವಾದರೆ ಕತ್ತರಿಸಬೇಕಾಗುತ್ತದೆ. ಮುಂಗೈಗೆ ರಕ್ತ ಹರಿಯಲು ಬೇರೆ ನಾಳಗಳಿವೆ. ಕೊಯ್ದ ಗೆರೆಯೊಂದು ಉಳಿಯುತ್ತದೆ, ಅಷ್ಟೆ.

ಗೆರೆಯ ಮಾತು ಚೆಲ್ಲಮುತ್ತುವಿಗೆ ಹಿಡಿಸಲಿಲ್ಲ. ತಂಗಿಯತ್ತ ತಿರುಗಿದ. "ಅಮ್ಮಿಣಿ, ಅರ್ಧ ಬೆರಳು ಹೋದ್ರೆ ಸೆರಗಲ್ಲಿ ಮುಚ್ಕೋಬಹುದು. ಕೈ ಮೇಲೆ ಕೊಯ್ದ ಗುರುತು ನೋಡಿದ್ರೆ ಜನ ಏನಂತಾರೆ? ಯಾವನಿಗೋಸ್ಕರವೋ ಕೈ ಕೊಯ್ಕೊಂಡಿದ್ಲು ಅಂತಾರೆ."

ಪೂಂಗೊಡಿಗೆ ಒಂದೇ ಯೋಚನೆ: ಸಂಬಂಧ ತಪ್ಪಿದರೆ ತಂದೆಯಿಲ್ಲದ ಹುಡುಗಿಗೆ ಗತಿಯೇನು? ತನ್ನದೇ ಕೈಯನ್ನು ಮುಂದೆ ಚಾಚಿದಳು. "ನನ್ನ ಕೈಯಿಂದ ತಗೊಳ್ಳಿ, ತಾಯೀ. ಇದನ್ನ ಯಾರು ನೋಡ್ಬೇಕು?"

ಬೇರೆಯವರ ನಾಳವನ್ನು ಅವಳ ಮೈ ಒಪ್ಪುವುದಿಲ್ಲ ಎಂದರು ಡಾಕ್ಟರಮ್ಮ. ಆಮೇಲೆ, ಹುಡುಗಿಯನ್ನು ಯಾರಾದರೂ ಕೇಳಿದಿರಾ ಎಂದು ಮೆಲ್ಲಗೆ ವಿಚಾರಿಸಿದರು.

ಯಾರೂ ಕೇಳಿರಲಿಲ್ಲ.

ಮಲರ್ ಮಲಗಿದಲ್ಲಿಂದಲೇ ಹೇಳಿದಳು: "ಮಾಮಾ, ದುಡಿಯೋದು ಈ ಕೈ. ಊರೋರ ಬಾಯಿ ನನಗೆ ಅನ್ನ ಹಾಕಲ್ಲ. ಡಾಕ್ಟರಮ್ಮ, ನೀವು ಶುರು ಮಾಡಿ."

ಮರುದಮಲೆಯ ಮುರುಗನನ್ನು ನೆನೆಯುತ್ತಾ ಪೂಂಗೊಡಿ ಗಾಲಿಮಂಚದ ಜೊತೆ ಆಪರೇಷನ್ ಕೋಣೆಯ ಬಾಗಿಲವರೆಗೂ ನಡೆದಳು. ಅಣ್ಣನ ಮುಖ ನೋಡಲಿಲ್ಲ.

ಬೆರಳು ಉಳಿಯಿತು. ಮೊದಮೊದಲು ಮರಗಟ್ಟಿದಂತಿದ್ದದ್ದು ದಿನ ಕಳೆದಂತೆ ಬಾಗತೊಡಗಿತು.

ಆವಣಿ ಮಾಸದಲ್ಲಿ ನಿಶ್ಚಿತಾರ್ಥ ಕೂಡಿಬಂತು. ಹುಡುಗ ಇವಳೇ ಬೇಕೆಂದು ಹಟ ಹಿಡಿದನಂತೆ. ಚೆಲ್ಲಮುತ್ತು ಮಾತ್ರ ಉದ್ದ ತೋಳಿನ ರವಿಕೆ ಕಳಿಸಿದ್ದ, ಫೋಟೊದಲ್ಲಿ ಗೆರೆ ಕಾಣಬಾರದೆಂದು. ಪೂಂಗೊಡಿ ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟು, ಮಗಳಿಗೆ ಗಿಡ್ಡ ತೋಳಿನದನ್ನೇ ತೊಡಿಸಿದಳು.

ತಾಂಬೂಲದ ತಟ್ಟೆ ಬದಲಾಯಿಸುವಾಗ ಹುಡುಗನ ತಾಯಿಯ ಕಣ್ಣು ಆ ಗೆರೆಯ ಮೇಲೆ ನಿಂತಿತು. ನೆರೆದವರೂ ನೋಡಿದರು.

"ಅದು ಬೆರಳು ಉಳಿಸ್ಕೊಂಡ ಗುರುತು, ಅತ್ತಿಗೆ," ಎಂದಳು ಪೂಂಗೊಡಿ, ಎಲ್ಲರಿಗೂ ಕೇಳುವಂತೆ. "ಮುಟ್ಟಿ ನೋಡಿ."

ಅತ್ತಿಗೆ ಕ್ಷಣ ಹಿಂಜರಿದು ಹುಡುಗಿಯ ಬೆರಳನ್ನು ಹಿಡಿದರು. ಅದು ಬೆಚ್ಚಗಿತ್ತು. ಅವರು ಬಿಡಲಿಲ್ಲ, ಹಾಗೆಯೇ ಹಿಡಿದು ಅವಳನ್ನು ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು.