ಬಾಗಿಲಿಲ್ಲದ ತವರು

ಲಗೇಜ್ ಆಟೊ ಹಳೇ ಮನೆಯ ಮುಂದೆ ನಿಂತಾಗ ಶಿವರುದ್ರಮ್ಮನಿಗೆ ಏನು ತಪ್ಪಿದೆಯೆಂದು ತಕ್ಷಣ ಹೊಳೆಯಲಿಲ್ಲ. ಹೆಂಚು ಇತ್ತು, ಜಗಲಿ ಇತ್ತು, ಅವಳ ತಾಯಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಮೂಲೆಯೂ ಇತ್ತು. ಆಟೊದವನೇ ಇಳಿದು ನೋಡಿ, "ಅಮ್ಮಾ, ಬಾಗ್ಲೇ ಇಲ್ವಲ್ಲ" ಅಂದ.

ಇರಲಿಲ್ಲ. ಮುಂಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತಿದ್ದರು. ಗೋಡೆಯ ಮಣ್ಣು ಹೊಸಿಲಿದ್ದ ಜಾಗಕ್ಕೆ ಜರಿದು ಗುಡ್ಡೆಯಾಗಿತ್ತು. ಹಿತ್ತಲ ಬಾಗಿಲೂ ಇಲ್ಲ. ಕಿಟಕಿಗಳಿದ್ದಲ್ಲಿ ಬರೀ ತೂತು. ನಡುಮನೆಯಲ್ಲಿ ಯಾರದೋ ಎಮ್ಮೆ ಮಲಗೆದ್ದು ಹೋದ ಗುರುತಿಗೆ ಸಗಣಿ ಒಣಗಿ ಬಿದ್ದಿತ್ತು.

ಸಾಮಾನು ಇಳಿಸಲು ಹೇಳಿ ಅವಳು ನೇರ ತಮ್ಮ ರೇಣುಕಾಪ್ರಸಾದನ ಮನೆಗೆ ನಡೆದಳು. ರಸ್ತೆ ಪಕ್ಕ ಅವನು ಕಟ್ಟಿಸಿದ ಆರ್‌ಸಿಸಿ ಮನೆ. ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

"ಲೋ ಪ್ರಸಾದ, ಬಾಗ್ಲೆಲ್ಲೋ?"

"ಯಾವ್ ಬಾಗ್ಲಕ್ಕ?"

"ಅವ್ವನ ಮನೆ ಬಾಗ್ಲು."

ಅವನು ಲೋಟ ಕೆಳಗಿಟ್ಟ. "ಮನೆ ಕೊಡು ಅಂತ ಕೋರ್ಟು ಹೇಳ್ತು, ಕೊಟ್ಟೆ. ಬಾಗ್ಲು ಕೊಡು ಅಂತ ಹೇಳಿತ್ತಾ?"

ಒಳಗಿಂದ ಅವನ ಹೆಂಡತಿ ನಕ್ಕಿದ್ದು ಕೇಳಿಸಿತು. ಶಿವರುದ್ರಮ್ಮನ ಕಿವಿ ಕಾದ ಬಾಣಲಿಯಂತಾಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವನು ಕೇಳಿಸಿಕೊಂಡು, ಕಾಫಿ ಮುಗಿಸಿ, ಎದ್ದು ಒಳಗೆ ಹೋಗಿ ತನ್ನ ಬಾಗಿಲು ಹಾಕಿಕೊಂಡ.

ಗಂಡ ತೀರಿಕೊಂಡ ಮೇಲೆ ಅವಳು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತ ಕ್ಯಾತ್ಸಂದ್ರದಲ್ಲಿ ಬಾಡಿಗೆಗಿದ್ದು ಮಗಳು ಕೃತಿಕಾಳನ್ನು ಸಾಕಿದ್ದಳು. ಮಗಳೀಗ ತುಮಕೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ನಿಂತೇ ಕೆಲಸ ಮಾಡಿ ಶಿವರುದ್ರಮ್ಮನ ಬೆನ್ನು ಹಾಳಾಗಿತ್ತು. ತಾಯಿ ಹೋದ ಮೇಲೆ ತಮ್ಮ, ಪಾಲು ಬೇಡವೆಂದು ಒಂದು ರುಜು ಹಾಕು ಅಂದ. ಅವಳು ಪಾಲು ಕೇಳಿದಳು. ಸೀರೆ ಇಸ್ಕೊಂಡು ಹೋಗೋ ಹೆಣ್ಣುಮಗಳು ಕೋರ್ಟಿನ ಮೆಟ್ಟಿಲು ಹತ್ತಿದಳಲ್ಲ ಎಂದು ಊರೆಲ್ಲ ಆಡಿಕೊಂಡಿತು. ಕೊನೆಗೆ ರಾಜಿಯಾಗಿ ಹಳೇ ಮನೆಯೂ ಅದಕ್ಕಂಟಿದ ಒಂದೆಕರೆಯೂ ಅವಳಿಗೆ ಬಂತು. ಅವಳು ಅದನ್ನು ತಮ್ಮನಿಗೇ ಮಾರುತ್ತಾಳೆ ಎಂದು ಅವಳ ವಕೀಲರು ಕೂಡ ಅಂದುಕೊಂಡಿದ್ದರು. ಅಲ್ಲೇ ಇದ್ದು ಬೇಸಾಯ ಮಾಡ್ತೀನಿ ಅಂದದ್ದೇ ಪ್ರಸಾದನಿಗೆ ನುಂಗಲಾಗದ ತುತ್ತಾಗಿತ್ತು.

ಅವತ್ತೇ ಅವಳು ತೆಂಗಿನ ಸೋಗೆ ಹೆಣೆದು ತಡಿಕೆ ಮಾಡಿ ಮುಂದಕ್ಕೊಂದು, ಹಿಂದಕ್ಕೊಂದು ಕಟ್ಟಿದಳು. ಕಿಟಕಿಗೆ ಗೋಣಿಚೀಲ ಬಡಿದಳು. ಮಾರ್ಗಶಿರದ ಚಳಿ ಸೋಗೆಯ ಸಂದಿನಿಂದ ನುಗ್ಗಿ ಬರುತ್ತಿತ್ತು. ಪಕ್ಕದ ಮನೆಯ ಚಿಕ್ಕಮಾರಮ್ಮ ಬಂದು ನೋಡಿ, "ಗುಬ್ಬೀಲಿ ಸೈಫುಲ್ಲಾ ಸಾಬ್ರು ಅವ್ರೆ. ಹೇಳಿದ್ರೆ ವಾರದೊಳಗೆ ಬಾಗ್ಲು ಮಾಡ್ಕೊಡ್ತಾರೆ ಕಣವ್ವ" ಅಂದಳು.

"ಹಾಕ್ಸಲ್ಲ. ನಾನು ಹೊಸ ಬಾಗ್ಲು ಹಾಕ್ಸಿದ್ರೆ ಅವನು ಕದ್ದಿದ್ದು ಸರಿ ಅಂದಂಗಾಯ್ತದೆ. ಅದೇ ಬಾಗ್ಲು ಬರ್ಬೇಕು."

"ಬರೋಗಂಟ?"

"ಹಿಂಗೇ ಇರ್ತೀನಿ."

ಹೊಲ ನೋಡಿದರೆ ಆಳೆತ್ತರ ಕಾಂಗ್ರೆಸ್ ಗಿಡ. ಅದನ್ನು ಕೀಳುವಾಗ ಪ್ರತಿ ಗಿಡಕ್ಕೂ ತಮ್ಮನ ಹೆಸರು ಹೇಳಿ ಬೈದಳು. ಸಿಟ್ಟಿಗೆ ಬೆನ್ನುನೋವು ಗೊತ್ತಾಗುತ್ತಿರಲಿಲ್ಲ. ಕೆರೆಗೆ ಹೇಮಾವತಿ ನೀರು ಬಿಟ್ಟಿದ್ದರಿಂದ ಹೊಲದ ಹಳೇ ಬಾವಿಯಲ್ಲಿ ನೀರು ಮೇಲಕ್ಕೆ ಬಂದಿತ್ತು. ಸೇದಿ ಹೊತ್ತು ಪಾತಿ ಕಟ್ಟಿ ಮೆಂತ್ಯ, ದಂಟು, ಮೂಲಂಗಿ ಹಾಕಿದಳು. ಫ್ಯಾಕ್ಟರಿ ಕೆಲಸ ಬಿಟ್ಟಾಗ ಬಂದಿದ್ದ ದುಡ್ಡಿನಲ್ಲಿ ಒಂದು ನಾಟಿ ಹಸು ತಂದಳು, ಜೊತೆಗೆ ಕರು. ಕೊಟ್ಟಿಗೆ ಬಿದ್ದುಹೋಗಿದ್ದರಿಂದ ಎರಡನ್ನೂ ನಡುಮನೆಯಲ್ಲೇ ಕಟ್ಟಿ ತಾನು ಒಳಕೋಣೆಯಲ್ಲಿ ಮಲಗುತ್ತಿದ್ದಳು. ಕರು ಬೆಳಿಗ್ಗೆ ಎದ್ದು ಸೆರಗು ಚೀಪುತ್ತಿತ್ತು. ಆ ಹೊತ್ತಿನಲ್ಲಿ ಮಾತ್ರ ಅವಳಿಗೆ ಸಿಟ್ಟು ಇರುತ್ತಿರಲಿಲ್ಲ.

ಮೆಂತ್ಯ ಎರಡೆಲೆ ಬಿಟ್ಟ ದಿನಗಳಲ್ಲಿ ಒಂದು ಮುಂಜಾನೆ ಹಸುವಿನ ಕೂಗಿಗೆ ಎಚ್ಚರವಾಯಿತು. ಮುಂದಿನ ತಡಿಕೆ ಹರಿದು ನೆಲಕ್ಕೆ ಬಿದ್ದಿತ್ತು. ಕರುವಿನ ಹಗ್ಗ ತುಂಡಾಗಿತ್ತು. ಹೊರಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಎಳೆದುಕೊಂಡು ಹೋದ ಗೆರೆ ತೆಂಗಿನ ಸಾಲಿನವರೆಗೂ ಹೋಗಿತ್ತು. ಅಲ್ಲಿ ಸಿಕ್ಕಿದ್ದನ್ನು ಅವಳು ಪೂರ್ತಿ ನೋಡಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ವಾಪಸು ಬಂದಳು.

ಅರಣ್ಯ ಇಲಾಖೆಯವರು ಬಂದು ಚಿರತೆ ಹೆಜ್ಜೆಯ ಫೋಟೊ ತೆಗೆದುಕೊಂಡರು. ಅವರ ಹಿಂದೆಯೇ ಪ್ರಸಾದನೂ ಬಂದ. "ಅದ್ಕೇ ಹೇಳಿದ್ದು ಅಕ್ಕ, ಒಂಟಿ ಹೆಂಗ್ಸು ಇರೋ ಜಾಗ ಅಲ್ಲ ಇದು. ಈಗ್ಲೂ ಏನಾಗಿಲ್ಲ. ನಂಗೇ ಬುಟ್ಬುಡು, ನೀನು ಮಗಳ ಹತ್ರ ಇರು."

ಕೈಯಲ್ಲಿ ಗುದ್ದಲಿ ಇತ್ತು. ಅವಳು ಅದನ್ನು ಎತ್ತಲಿಲ್ಲ, ಆದರೆ ಹಿಡಿದ ರೀತಿ ನೋಡಿ ಅವನು ಹಿಂದಕ್ಕೆ ಸರಿದ. "ಹೋಗ್ಲಾ ಇಲ್ಲಿಂದ" ಅಂದಳು.

ಸುದ್ದಿ ಕೇಳಿ ಭಾನುವಾರ ಬೆಳಿಗ್ಗೆಯೇ ಕೃತಿಕಾ ಬಂದಳು. ತಾಯಿಯನ್ನು ಸಮಾಧಾನ ಮಾಡಲು ಬಂದವಳು ಬಾಗಿಲಿಲ್ಲದ ಮನೆ ನೋಡಿ ರೇಗಿದಳು. "ಒಂದ್ ತಗಡಿನ ಬಾಗ್ಲು ಹಾಕ್ಸಿದ್ರೆ ಕರು ಇರ್ತಿತ್ತಲ್ಲಮ್ಮ! ಮಾಮನ ಮೇಲಿನ ಸಿಟ್ಟಿಗೆ ಅದನ್ನ ಬಲಿ ಕೊಟ್ಟೆ. ಚಿರತೆ ನಿನ್ನನ್ನೇ ಎಳ್ಕೊಂಡ್ ಹೋಗಿದ್ರೆ?"

"ಬಾಯ್ಮುಚ್ಚೇ."

"ಮುಚ್ಚಲ್ಲ."

ಶಿವರುದ್ರಮ್ಮ ಮಗಳ ಕೆನ್ನೆಗೆ ಹೊಡೆದಳು. ಕೃತಿಕಾ ಅಳಲಿಲ್ಲ. ಜಗಲಿಗೆ ಹೋಗಿ ಬೆನ್ನು ತಿರುಗಿಸಿ ಕೂತು ಮೊಬೈಲ್ ತೆಗೆದಳು. ಒಳಗೆ ತಾಯಿ ಒಲೆ ಮುಂದೆ ಕೂತಳು. ಮಗಳು ಹೇಳಿದ್ದು ನಿಜ ಎನ್ನುವುದೇ ಅವಳನ್ನು ಹೆಚ್ಚು ಸುಡುತ್ತಿತ್ತು. ಬಹಳ ಹೊತ್ತಾದ ಮೇಲೆ ಜಗಲಿಯಿಂದ "ಅಮ್ಮಾ!" ಎಂದು ಕೂಗು ಬಂತು.

ಕೃತಿಕಾಳ ಕ್ಲಾಸಿನ ಹುಡುಗಿಯೊಬ್ಬಳು ಹುಟ್ಟುಹಬ್ಬದ ಫೋಟೊ ಹಾಕಿದ್ದಳು. ಗೂಳೂರು ದಾಟಿ ಕುಣಿಗಲ್ ರಸ್ತೆಯಲ್ಲಿ ಹೊಸದಾಗಿ ತೆರೆದ, ಹಳ್ಳಿಮನೆಯ ಥರ ಕಟ್ಟಿದ ಹೋಟೆಲು. ಹುಡುಗಿಯರು ನಿಂತದ್ದು ಹಳೇ ಬಾಗಿಲೊಂದರ ಮುಂದೆ. ಹಿತ್ತಾಳೆಯ ಹೂಗಳು, ಎಡದ ಕದದ ಮೇಲೆ ಎತ್ತು ಕೊಂಬಿನಿಂದ ಗೀರಿದ ಉದ್ದನೆಯ ಗಾಯ. ಕೃತಿಕಾ ಚಿಕ್ಕವಳಿದ್ದಾಗ ರಜಕ್ಕೆ ಬಂದರೆ ಆ ಗೀರಿನೊಳಗೆ ಬೆರಳಾಡಿಸುತ್ತ ನಿಲ್ಲುತ್ತಿದ್ದಳು.

"ಏಳು, ಸೀರೆ ಬದ್ಲಾಯ್ಸು" ಅಂದಳು ಮಗಳು. "ಕೋರ್ಟಿನ ಆರ್ಡರ್ ಕಾಪಿ ತಗೋ."

ಬಸ್ಸು ಬದಲಿಸಿ ಅವರು ಅಲ್ಲಿ ಇಳಿದಾಗ ಊಟದ ಹೊತ್ತು. ಕಾರುಗಳು ಸಾಲಾಗಿ ನಿಂತಿದ್ದವು. ಒಳಗೆ ಮೊರ, ಒನಕೆ, ಲಾಟೀನು ಎಲ್ಲವನ್ನೂ ಗೋಡೆಗೆ ನೇತುಹಾಕಿದ್ದರು. ನಡುವೆ ಬಾಗಿಲು. ಎಣ್ಣೆ ಹಚ್ಚಿ ಮಿರಮಿರ ಮಾಡಿದ್ದರು. ಯಾರೋ ಗಂಡಹೆಂಡಿರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಶಿವರುದ್ರಮ್ಮ ಅವರನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದು ಎರಡೂ ಕದಗಳನ್ನು ಎಳೆದಳು. ಹಿಂದೆ ಏನೂ ಇರಲಿಲ್ಲ. ಸುಣ್ಣ ಬಳಿದ ಗೋಡೆ.

ಅಲ್ಲಿಯವರೆಗೆ ಅವಳು ತಡೆದುಕೊಂಡಿದ್ದಳು. ಆ ಗೋಡೆ ಕಂಡದ್ದೇ ಅವಳ ದನಿ ಹೋಟೆಲನ್ನೆಲ್ಲ ತುಂಬಿತು. "ಇಲ್ಲಿ ಗೋಡೆಗೆ ಬಾಗ್ಲು ಹಾಕವ್ರೆ ನೋಡ್ರಪ್ಪ! ಅಲ್ಲಿ ಬಾಗ್ಲಿಲ್ದೆ ನನ್ ಕರೂನ ಚಿರತೆ ತಿಂತು!"

ಮಾಲೀಕ ರವಿಕಿರಣ್ ಓಡಿ ಬಂದ. "ಅಮ್ಮಾ, ಸೀನ್ ಮಾಡ್ಬೇಡಿ. ನಾನು ದುಡ್ಡು ಕೊಟ್ಟು ತಗೊಂಡಿರೋದು."

"ಯಾರ ಹತ್ರ?"

"ಗುಬ್ಬಿ ಕಡೆಯವ್ರು, ರೇಣುಕಾಪ್ರಸಾದ್ ಅಂತ. ಅವ್ರ ಸ್ವಂತ ಮನೇದು ಅಂದ್ರು."

ಕೃತಿಕಾ ಕೋರ್ಟಿನ ಕಾಪಿ ತೋರಿಸಿದಳು. ಅವನು ಹೇಳಿದ ತಾರೀಕು ನೋಡಿದರೆ, ಮನೆ ತಾಯಿಯ ಹೆಸರಿಗೆ ಆದ ಮೇಲೆಯೇ ಬಾಗಿಲು ಮಾರಾಟವಾಗಿತ್ತು. "ಇದು ಕದ್ದ ಮಾಲು ಸಾರ್. ಸ್ಟೇಷನ್‌ಗೆ ಹೋಗೋಣ್ವಾ, ಇಲ್ಲೇ ಮಾತಾಡೋಣ್ವಾ?"

ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು. ರವಿಕಿರಣ್ ಬೆವರು ಒರೆಸಿಕೊಂಡು ಪ್ರಸಾದನಿಗೆ ಫೋನ್ ಮಾಡಿದ. ಅವನು ಬರುವವರೆಗೂ ಶಿವರುದ್ರಮ್ಮ ಬಾಗಿಲಿಗೆ ಒರಗಿಕೊಂಡೇ ಕೂತಳು. ಮಾಣಿ ತಂದಿಟ್ಟ ಕಾಫಿ ಮುಟ್ಟಲಿಲ್ಲ.

ಪ್ರಸಾದ ಬೈಕ್ ನಿಲ್ಲಿಸಿ ಒಳಗೆ ಬಂದವನು ಮೊದಲು ನೆರೆದವರನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, "ಅಕ್ಕ, ಮನೆ ಮಾತು. ಇಲ್ಲಿ ಬ್ಯಾಡ" ಅಂದ.

"ಮನೆ ಮಾತಾ? ಬಾಗ್ಲು ಕಿತ್ಮೇಲೆ ಮನೆ ಮಾತು ಬೀದೀಗೇ ಬರೋದು ಕಣೋ."

"ಅಪ್ಪ ಮಾಡ್ಸಿದ್ ಬಾಗ್ಲು ಅದು. ಗಂಡ್ಮಗ ನಾನು…"

"ಅಪ್ಪ ನಂಗೂ ಅಪ್ಪಾನೇ."

ರವಿಕಿರಣ್ ನಡುವೆ ಬಂದ, ಪ್ರಸಾದನ ಕಾಲರ್ ಹಿಡಿಯುವುದೊಂದು ಬಾಕಿ. ತನ್ನ ಹೋಟೆಲಿನ ಮರ್ಯಾದೆ ಹೋಯಿತೆಂದು ಕೂಗಾಡಿದ. ಪ್ರಸಾದನ ಮುಖ ಬಿಳಿಚಿಕೊಂಡಿತು. "ಏನ್ ಮಾಡ್ಬೇಕು ಹೇಳಕ್ಕ. ಸ್ಟೇಷನ್ ಒಂದ್ ಬ್ಯಾಡ."

"ನಿನ್ ಕೈಯಾರೆ ಕಿತ್ತಿದೀಯ. ನಿನ್ ಕೈಯಾರೆ ತಂದು ನಿಲ್ಸು. ಆಳು ಕಳಿಸ್ಬ್ಯಾಡ, ನೀನೇ ಬಾ."

ಮರುದಿನ ಟ್ರ್ಯಾಕ್ಟರಿನಲ್ಲಿ ಬಾಗಿಲು ಊರಿಗೆ ಬಂತು. ಗುಬ್ಬಿಯಿಂದ ಸೈಫುಲ್ಲಾ ಸಾಬರು ಉಳಿ ಸುತ್ತಿಗೆ ಹಿಡಿದು ಬಂದರು. ಹೋಟೆಲಿನವರು ಚೌಕಟ್ಟಿನ ಬುಡ ಕೊಯ್ದಿದ್ದರಿಂದ ಸಾಬರು ಮರದ ತುಂಡು ಜೋಡಿಸಬೇಕಾಯಿತು. ಪ್ರಸಾದ ಅಂಗಿ ಬಿಚ್ಚಿ ಗಾರೆ ಕಲಸಿದ, ಚೌಕಟ್ಟಿಗೆ ಹೆಗಲು ಕೊಟ್ಟ, ಎದುರು ಜಗಲಿಗಳಲ್ಲಿ ಕೂತು ನೋಡುತ್ತಿದ್ದವರ ಕಡೆ ಒಮ್ಮೆಯೂ ತಿರುಗಲಿಲ್ಲ. ಹಿತ್ತಲ ಬಾಗಿಲು, ಕಿಟಕಿಗಳು ಮಾತ್ರ ಸಿಗಲಿಲ್ಲ. ಹೋಟೆಲಿನವರು ಕೊಯ್ದು ಮೇಜು ಮಾಡಿಸಿದ್ದರಂತೆ. "ಹಿಂದಕ್ಕೆ ತಗಡಿಂದು ಮಾಡ್ಕೊಡಿ ಸಾಬ್ರೆ" ಅಂದಳು ಶಿವರುದ್ರಮ್ಮ, ಮಗಳ ಕಡೆ ನೋಡದೆ. ಕೃತಿಕಾ ಸಾಬರಿಗೆ ಟೀ ಬಗ್ಗಿಸಿದಳು.

ಸಂಜೆ ಪ್ರಸಾದ ಕೈ ತೊಳೆದುಕೊಂಡು ಜಗಲಿಯ ಕೆಳಗೆ ನಿಂತ. ಒಳಗೆ ಬಾ ಅನ್ನಬಹುದೆಂದು ಕಾದ. ಅವಳು ಅನ್ನಲಿಲ್ಲ. ಅವನು ಹೋದ ಮೇಲೆ ಚಿಕ್ಕಮಾರಮ್ಮ, "ಬುಡವ್ವ ಇನ್ನ, ಒಡಹುಟ್ಟಿದೋನು. ಬಾಗ್ಲು ಬಂತಲ್ಲ" ಅಂದಳು.

"ಬಾಗ್ಲು ಬಂತು. ಸಿಟ್ಟು ಹೋಗ್ಲಿಲ್ಲ. ಏನ್ ಮಾಡ್ಲಿ ಹೇಳು?"

ಚಿಕ್ಕಮಾರಮ್ಮ ಸೆರಗು ಹೊದ್ದುಕೊಂಡು ತನ್ನ ಮನೆ ಕಡೆ ನಡೆದಳು.

ಸಂಕ್ರಾಂತಿಗೆ ಪ್ರಸಾದನ ಹೆಂಡತಿ ಎಳ್ಳುಬೆಲ್ಲ ಕಳಿಸಿದಳು. ಶಿವರುದ್ರಮ್ಮ ಈಸಿಕೊಂಡಳು, ಬಾಯಿಗೆ ಹಾಕಿಕೊಳ್ಳಲಿಲ್ಲ, ಹಸುವಿಗೆ ತಿನ್ನಿಸಿದಳು. ಹಬ್ಬ ಕಳೆದು ಕೆಲವು ದಿನಕ್ಕೆ ಮೆಂತ್ಯ ಕೊಯ್ಲಿಗೆ ಬಂತು. ಬೆಳಗಿನ ಚಳಿಯಲ್ಲಿ ಬೇರು ಸಮೇತ ಕಿತ್ತು ಕಟ್ಟು ಕಟ್ಟುತ್ತಿದ್ದಾಗ ಬೇಲಿಯಾಚೆ ಬೈಕ್ ನಿಂತಿತು.

"ಸೊಪ್ಪು ಚೆನ್ನಾಗ್ ಬಂದೈತೆ ಅಕ್ಕ" ಅಂದ ಪ್ರಸಾದ.

ಅವಳು ತಲೆ ಎತ್ತಲಿಲ್ಲ. ಬೈಕು ಸ್ವಲ್ಪ ಹೊತ್ತು ಗುರುಗುಟ್ಟುತ್ತ ನಿಂತಿದ್ದು ಆಮೇಲೆ ಹೊರಟುಹೋಯಿತು. ನೋಡಿಕೊಂಡರೆ ಕೈಯಲ್ಲಿದ್ದ ಸೊಪ್ಪು ಹಿಡಿದ ಹಿಡಿತಕ್ಕೆ ನಜ್ಜುಗುಜ್ಜಾಗಿತ್ತು. ಅದನ್ನು ಪಕ್ಕಕ್ಕೆ ಎಸೆದು, ಉಳಿದ ಕಟ್ಟುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಗುಬ್ಬಿ ಬಸ್ಸಿಗೆ ಹೊತ್ತಾಯಿತೆಂದು ತಲೆಯ ಮೇಲಿಟ್ಟುಕೊಂಡು ಹೊರಟಳು.