ಸೋದರಮಾವನ ಏಳು ದಿನ

ನನಗೆ ಅಣ್ಣತಮ್ಮಂದಿರಿಲ್ಲ. ಇದ್ದಿದ್ದರೆ ಈ ರಾಮಾಯಣವೇ ಆಗುತ್ತಿರಲಿಲ್ಲ. ನಮ್ಮ ಹಳೇ ದೊಮ್ಮಲೂರಿನಲ್ಲಿ ಹೆಣ್ಣುಮಗು ದೊಡ್ಡವಳಾದರೆ ಸೋದರಮಾವ ತೆಂಗಿನ ಹಸಿಗರಿ ತಂದು ಗುಡಿಸಲು ಕಟ್ಟಬೇಕು, ಒಂಬತ್ತು ದಿನ ಅವಳು ಅದರೊಳಗೇ ಕೂರಬೇಕು. ತೊಂಬತ್ತೆಂಟನೇ ಇಸವಿಯಲ್ಲಿ ನನ್ನ ಮಗಳು ಸುಕನ್ಯ ದೊಡ್ಡವಳಾದಾಗ, ಗುಡಿಸಲು ಕಟ್ಟುವ ಗಂಡಸಿಲ್ಲವಲ್ಲ ಎಂದು ನಾನು ಜಗಲಿಯ ಮೇಲೆ ಕೂತು ಅಳುತ್ತಿದ್ದೆ. ಮಹಡಿಯ ಬಾಡಿಗೆ ಹುಡುಗ ಇಳಿದು ಬಂದು "ಏನಕ್ಕಾ?" ಎಂದು ಕೇಳಿದ. ಹೇಳಿದೆ. ಮರುಮಾತಾಡದೆ ಹೋಗಿ ಎಂಟು ಗರಿ ಹೆಗಲ ಮೇಲೆ ಹೊತ್ತು ತಂದ. ಅವನು ಹೆಣೆಯುವುದನ್ನು ನೋಡಿ ಕೇರಿಯ ಮುದುಕಿಯರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಟಾಂಜಾನಿಯಾದ ಸಮುದ್ರದ ದಡದಲ್ಲಿ ಅವನ ಊರು. ಅಲ್ಲಿ ಮನೆಗಳಿಗೆ ತೆಂಗಿನ ಗರಿಯದ್ದೇ ಸೂರಂತೆ.

ಅವನೇ ಜುಮಾ. ಫಾರ್ಮಸಿ ಓದಲು ಬಂದವನು ಓದು ಮುಗಿಸಿ, ಇಂದಿರಾನಗರದ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿ, ನಮ್ಮ ಮಹಡಿಯಲ್ಲೇ ಹನ್ನೆರಡು ವರ್ಷ ಉಳಿದುಬಿಟ್ಟ. ಸುಕನ್ಯಳನ್ನು ಹಸೆಮಣೆಗೆ ಕೈಹಿಡಿದು ಕರೆತರುವ ಸೋದರಮಾವನೂ ಅವನೇ ಎಂದು ಆ ಗುಡಿಸಲಿನ ದಿನವೇ ತೀರ್ಮಾನಿಸಿದ್ದೆ. ಯಾರಾದರೂ ಹುಬ್ಬೇರಿಸಿದರೆ, ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಿಡುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ ಮದುವೆ ಗೊತ್ತಾಯಿತು. ಹುಡುಗ ಕೆ.ಆರ್. ಪುರಂನ ಸುನಿಲ್. ಹಂದಿಜ್ವರಕ್ಕೆ ಹೆದರಿ ಊರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲ. ತಂಗಿಯ ಮಗುವನ್ನು ನೋಡಲು ಊರಿಗೆ ಹೋಗಿದ್ದ ಜುಮಾ ಮದುವೆಗೆಂದೇ ಸೋಮವಾರ ದುಬೈ ಮೇಲಿಂದ ವಾಪಸ್ಸು ಬಂದ. ಮಂಗಳವಾರ ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಕಾಗದ ಹಿಡಿದು ಬಂದಳು. ಅವನ ವಿಮಾನದಲ್ಲಿ ಯಾರಿಗೋ ಜ್ವರವಿತ್ತಂತೆ. ಹತ್ತಿರ ಕೂತವರೆಲ್ಲ ಏಳು ದಿನ ಮನೆಯಿಂದ ಹೊರಬರಬಾರದಂತೆ. ಲೆಕ್ಕ ಹಾಕಿದರೆ ಸೋಮವಾರ ಬೆಳಿಗ್ಗೆಗೆ ಬಿಡುಗಡೆ. ಮದುವೆ ಭಾನುವಾರ!

ಉರಿದುಹೋಯಿತು ನನಗೆ. ದಡದಡ ಮೆಟ್ಟಿಲು ಹತ್ತಿದೆ. ಎಂಟನೇ ಮೆಟ್ಟಿಲ ಮೇಲೆ ತುಳಸಿಯ ಕುಂಡವನ್ನು ಅಡ್ಡ ಇಟ್ಟು, ಜುಮಾ ಮೇಲೆ ನಿಂತಿದ್ದ.

"ಅದನ್ನ ದಾಟ್ಬೇಡಕ್ಕಾ."

"ಒಂದ್ ದಿನ ಕಣೋ! ಜ್ವರ ಇಲ್ಲ, ಕೆಮ್ಮಿಲ್ಲ, ಗುಂಡುಕಲ್ಲಿನ ಹಾಗಿದ್ದೀಯ. ಈ ಕಾಗ್ದಾನ ಈ ಊರಲ್ಲಿ ಯಾರೋ ಕೇಳ್ತಾರೆ?"

"ಲ್ಯಾಬಲ್ಲಿ ಕೆಲ್ಸ ಮಾಡೋನು ನಾನು. ಗಟ್ಟಿಯಾಗಿ ಕಾಣೋನೂ ಜ್ವರ ಹಂಚ್ತಾನೆ ಅಕ್ಕಾ. ಮದ್ವೇಲಿ ಐನೂರ್ ಜನ. ಬಸುರಿಯರು ಬರ್ತಾರೆ, ಮಕ್ಳು ಬರ್ತವೆ."

"ಹಾಳಾಗ್ ಹೋಗು!" ಎಂದು ಬೈದು ಇಳಿದೆ. ಅವನಿಗೆಂದು ತಂದಿದ್ದ ಸಾರನ್ನ ಕುಂಡದ ಪಕ್ಕ ಇಟ್ಟೇ ಇಳಿದೆ ಎನ್ನಿ.

ಬುಧವಾರ ಅವನ ಪರದೇಶದ ಗೆಳೆಯರು ಬಂದು ರಸ್ತೆಯಲ್ಲೇ ನಿಂತು ವಾದಕ್ಕಿಳಿದರು. ಕುಕ್ ಟೌನಿನ ಇರಾನಿ ಹುಡುಗನಿಗಂತೂ ತಡೆಯಲಾರದ ಕೋಪ. ಎರಡು ವರ್ಷದಿಂದ ಊರೇ ಬಿಟ್ಟು ಹೋಗಿಲ್ಲದ ಅವನನ್ನೂ ಮನೆ ಮಾಲೀಕರು ಹಾಲಿನ ಬೂತಿಗೆ ಹೋಗಬೇಡ ಎಂದಿದ್ದರಂತೆ. ಇದೆಲ್ಲ ನಮ್ಮಂಥವರನ್ನು ಅಟ್ಟುವ ಆಟ, ಇಳಿದು ಬಾ ಎಂದು ಅವನ ಹಟ. ಜೊತೆಯಲ್ಲಿದ್ದ ಜರ್ಮನಿಯ ಹೆಂಗಸು, ರಸ್ತೆಯಲ್ಲಿ ಉಗುಳುವವರನ್ನು ಕೇಳುವವರಿಲ್ಲದ ದೇಶದಲ್ಲಿ ನೀನೊಬ್ಬ ಯಾಕೆ ಕೂರಬೇಕು ಎಂದಳು. ನನಗೂ ಅವರದ್ದೇ ಸರಿ ಎನ್ನಿಸಿ ಜೋರಾಗಿ ತಲೆಯಾಡಿಸಿದೆ. ಜುಮಾ ಬಾಲ್ಕನಿಯಿಂದ ಅವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ನಿಯಮ ತಪ್ಪಲ್ಲ ಅಕ್ಕಾ. ಆ ವಿಮಾನದಲ್ಲಿ ಕೂತಿದ್ದೆ, ಅದಕ್ಕೆ ಇಲ್ಲಿ ಕೂತಿದ್ದೀನಿ. ನನ್ ಬಣ್ಣ ನೋಡಿ ಕೂರ್ಸಿದ್ರು ಅಂತ ಗೊತ್ತಾಗ್ಲಿ, ಈ ಕುಂಡ ಒದ್ದು ಇಳೀತೀನಿ."

ಗುರುವಾರ ಸುನಿಲನ ಅಪ್ಪ ಮುನಿಶಾಮಿ ಬಂದರು. ಆರಡಿ ಆಳು, ಗರಿಗರಿ ಪಂಚೆ. ಕಾಫಿ ಮುಟ್ಟಲಿಲ್ಲ.

"ಮೇಲ್ಗಡೆ ಕರಿಯನಿಗೆ ಕಾಯ್ಲೆಯಂತೆ? ನಮ್ ಕಡೆಯೋರು ಹೆದರ್ಕೊಂಡವ್ರೆ. ಮಾವನ ಶಾಸ್ತ್ರ ನಮ್ ಭಾಮೈದ ಮಾಡ್ತಾನೆ ಬಿಡಿ. ಅವ್ನು ಈಗಷ್ಟೇ ಅಲ್ಲ, ಏಳ್ ದಿನ ಕಳೆದ್ ಮೇಲೂ ನಮ್ಮ ಕಾರ್ಯಗಳಿಗೆ ಬರೋದ್ ಬೇಡ."

"ಕಳೆದ್ ಮೇಲೂನಾ?"

"ಹೂಂ. ನೋಡೋಕ್ ಚೆನ್ನಾಗಿರಲ್ಲ."

ನನ್ನ ಗಂಡ ದೊಡ್ಡಮುನಿಯಪ್ಪ ದೇವರಂಥವನು, ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಅದಕ್ಕೂ ಆಡಿಸಿದ. ಹೆಣ್ಣು ಹೆತ್ತವಳು, ನಾನೂ ಬಾಯಿ ಮುಚ್ಚಿಕೊಂಡೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ. ಜುಮಾಗೆ ಹೇಳಲು ಧೈರ್ಯವೇ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮನೆಮುಂದೆ ಚಪ್ಪರ ಹಾಕಬೇಕು. ಅದಕ್ಕೂ ಸೋದರಮಾವನ ಕೈಯದ್ದೇ ಗರಿಯಾಗಬೇಕು. ಸುಕನ್ಯ ಯಾರನ್ನೂ ಕೇಳದೆ ಗರಿಗಳನ್ನು ಹಗ್ಗಕ್ಕೆ ಕಟ್ಟಿ ತಾರಸಿಗೆ ಏರಿಸಿದಳು. ಜುಮಾ ಹೆಣೆದು ಹೆಣೆದು ಇಳಿಬಿಟ್ಟ. ಮಧ್ಯೆ ಒಮ್ಮೆ ಬಗ್ಗಿ ನೋಡಿ ಕೇಳಿದ:

"ಪಾಪ, ಸುನಿಲನ ಅಣ್ಣನೂ ನಾಳೆ ಬರೋಕಾಗಲ್ಲ ಅಲ್ವಾ ಅಕ್ಕಾ?"

"ಯಾಕೋ?"

"ವಿಮಾನದಲ್ಲಿ ಮುತ್ತುರಾಜ ನನ್ ಪಕ್ಕದ್ ಸೀಟು. ನಿಶ್ಚಿತಾರ್ಥದ ಫೋಟೋ ನೋಡಿದ್ನಲ್ಲ, ಗುರುತು ಹಿಡಿದು ಮಾತಾಡಿಸ್ದೆ. ಮಂಗಳವಾರ ಬಂದಮ್ಮನ ಪಟ್ಟೀಲಿ ನನ್ ಹೆಸರಿನ ಮೇಲೇ ಅವ್ರ ಹೆಸರು ಇತ್ತು."

ನನ್ನ ಕೈಯಲ್ಲಿದ್ದ ಮಾವಿನ ತೋರಣ ಕೆಳಗೆ ಬಿತ್ತು. ಅಲ್ಲಿ ನಿಂತೇ ಮುನಿಶಾಮಿ ಹೇಳಿದ್ದನ್ನೆಲ್ಲ ಕಕ್ಕಿಬಿಟ್ಟೆ. ಜುಮಾ ಕುಂಡ ಒದೆಯುತ್ತಾನೆ ಅಂದುಕೊಂಡೆ. "ಇನ್ನೆರಡು ಗರಿ ಕಳ್ಸು, ಸುಕನ್ಯಾ" ಎಂದಷ್ಟೇ ಹೇಳಿದ. ಎಲ್ಲ ಕೇಳಿಸಿಕೊಂಡಿದ್ದ ಸುಕನ್ಯ ಎರಡು ಗರಿ ಹಗ್ಗಕ್ಕೆ ಬಿಗಿದಳು.

ಅವತ್ತು ಸಂಜೆ ಹಲಸೂರಿನ ಛತ್ರ. ಗಂಡಿನ ಕಡೆಯವರನ್ನು ಎದುರುಗೊಳ್ಳಲು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮೊದಲ ಕಾರಿನಿಂದ ಮುನಿಶಾಮಿ ಇಳಿದರು, ಆಮೇಲೆ ಸುನಿಲ್, ಅವನ ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡು ಮುತ್ತುರಾಜ. ವಾಲಗದವರು ಶುರು ಮಾಡಿದರು. ನಾನು ಆರತಿ ಎತ್ತಲಿಲ್ಲ.

"ಮುತ್ತುರಾಜಪ್ಪ, ನಿಮಗೂ ಒಂದ್ ಕಾಗ್ದ ಬಂದಿತ್ತಲ್ವಾ, ಏಳ್ ದಿನ ಮನೇಲಿರಿ ಅಂತ?"

ಅವನು ಅಪ್ಪನ ಮುಖ ನೋಡಿದ. ಮುನಿಶಾಮಿ ನಗಲು ಹೋದರು. "ಅಯ್ಯೋ, ಅದನ್ಯಾರ್ ನೋಡ್ತಾರಮ್ಮ? ಗಟ್ಟಿಯಾಗವ್ನೆ ನಮ್ ಹುಡ್ಗ."

"ಜುಮಾನೂ ಗಟ್ಟಿಯಾಗೇ ಅವ್ನೆ."

"ಅವ್ನೂ ನಮ್ಮೋನೂ ಒಂದೇನಾ?"

ವಾಲಗ ನಿಂತುಹೋಯಿತು. ಮಗಳ ಬಾಳು ನನ್ನ ನಾಲಿಗೆಯ ತುದಿಯಲ್ಲಿದೆ, ಇನ್ನೊಂದು ಮಾತಾಡಿದರೆ ಮುರಿಯುತ್ತದೆ ಎಂದು ಗೊತ್ತಿತ್ತು. ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಹಿಂದಿನಿಂದ ಬಳೆ ಸದ್ದಾಯಿತು. ರೇಷ್ಮೆ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು ಸುಕನ್ಯ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಮಾವ ಕಟ್ಟಿದ ಗುಡ್ಲಲ್ಲಿ ನಾನು ಒಂಬತ್ ದಿನ ಕೂತಿದ್ದೆ. ಹದಿಮೂರು ವರ್ಷದ ಹುಡ್ಗಿ. ಮಾವ ಏಳ್ ದಿನಕ್ಕೆ ಅಂತ ಕೂತವ್ರೆ, ನಿಮ್ ಮನೆ ಮಕ್ಕಳಿಗೇ ಕಾಯ್ಲೆ ಬರ್ಬಾರ್ದು ಅಂತ. ನಿಮ್ಮ ದೊಡ್ ಮಗನ ಕೈಲಿ ಏಳ್ ದಿನ ಕೂರೋಕಾಗ್ಲಿಲ್ವಾ? ಇಬ್ರೂ ಏಳ್ ದಿನ ಮುಗಿಸ್ಲಿ. ಇಬ್ರೂ ಬರ್ಲಿ. ಆಮೇಲೆ ತಾಳಿ."

"ಅಂದ್ರೆ ಮದ್ವೆ ನಿಲ್ಲಿಸ್ತೀಯಾ?" ಎಂದು ಮುನಿಶಾಮಿ ಗುಡುಗಿದರು.

"ನಾನ್ ನಿಲ್ಸಲ್ಲ. ನೀವ್ ಬೇಕಾದ್ರೆ ನಿಲ್ಸಿ."

ಎಲ್ಲರೂ ಸುನಿಲನನ್ನು ನೋಡಿದರು. ಹುಡುಗ ಬೆವತುಹೋಗಿದ್ದ. ಸುಕನ್ಯಳನ್ನು ನೋಡಿದ, ನೆಲ ನೋಡಿದ. ಕೊನೆಗೆ ಕಾರಿನ ಬಾಗಿಲು ತೆಗೆದು, "ಅಣ್ಣಾ, ಹತ್ತು. ಮನೆಗೆ ಹೋಗು" ಎಂದ. ಆಮೇಲೆ ಪುರೋಹಿತರ ಕಡೆ ತಿರುಗಿ, "ಸ್ವಾಮಿ, ಮುಂದಿನ ಮುಹೂರ್ತ ಯಾವಾಗ?" ಎಂದು ಕೇಳಿದ.

ಬುಧವಾರವಂತೆ. ಛತ್ರ ಬುಧವಾರಕ್ಕೆ ಬೇರೆಯವರಿಗೆ ಹೋಗಿತ್ತು. ಹೋದರೆ ಹೋಗಲಿ! ದೊಮ್ಮಲೂರಿನಲ್ಲಿ ನನ್ನ ಮನೆ ಮುಂದೆ ರಸ್ತೆ ಇದೆ, ರಸ್ತೆಯ ಉದ್ದಕ್ಕೂ ಚಪ್ಪರ ಇದೆ. ತಲೆಯಾಡಿಸುವ ನನ್ನ ಗಂಡನೇ ಮೊದಲ ಬಾರಿಗೆ ಬಾಯಿಬಿಟ್ಟು, "ಮನೆ ಮುಂದೇನೇ ಆಗ್ಲಿ ಕಣೇ" ಎಂದ.

ಸೋಮವಾರ ಬೆಳಿಗ್ಗೆ ಜುಮಾ ಕುಂಡ ಎತ್ತಿಕೊಂಡು ಇಳಿದು ಬಂದ. ನಾನು ಅವನ ಬೆನ್ನಿಗೆ ಎರಡು ಗುದ್ದಿ, ಆಮೇಲೆ ಅತ್ತೆ.

ಬುಧವಾರ ಗಂಡಿನ ಕಡೆಯವರು ಬಂದರು. ಸುಕನ್ಯಳ ಕೈಹಿಡಿದ ಜುಮಾ ಬಿಳಿ ಪಂಚೆ ಉಟ್ಟು ಹಸೆಮಣೆಯ ಹತ್ತಿರ ನಿಂತಿದ್ದ. ಮುತ್ತುರಾಜ ನಾಚುತ್ತಲೇ ಹೋಗಿ ಅವನ ಪಕ್ಕ ನಿಂತ. ಮುನಿಶಾಮಿ ಮಾತ್ರ ಚಪ್ಪರದ ಬಾಗಿಲಲ್ಲೇ ತಡೆದು ನಿಂತು, ಅದರ ಹೆಣಿಗೆಯನ್ನು ಕೈಯಿಂದ ಸವರಿ ನೋಡುತ್ತಿದ್ದರು. ಹಳೇ ಊರಿನ ಮನುಷ್ಯ, ಒಳ್ಳೆ ಕೈಕೆಲಸ ಕಂಡರೆ ಸುಮ್ಮನಿರಲಾಗಲಿಲ್ಲ.

"ಎಷ್ಟ್ ಬಿಗಿಯಾಗೈತೆ! ನಮ್ ಕಡೆ ಈಗ ಯಾರ್ಗೂ ಬರಲ್ಲ ಇದು. ಯಾರಮ್ಮ ಹೆಣೆದೋರು?"

"ಹುಡ್ಗಿ ಸೋದರಮಾವ," ಎಂದೆ. "ಚಪ್ಪರ ತಗ್ಗಾಗೈತೆ ಬೀಗರೇ. ತಲೆ ಬಗ್ಗಿಸ್ಕೊಂಡ್ ಒಳಗ್ ಬನ್ನಿ."